ನಮ್ಮ ಈಜಿನ ಟೀಚರ್

ಹೈದರಾಬಾದಿನ ಕುಷಾಯಿಗೂಡದ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರಿಗೆ ಈಜು ಕಲಿಸಿದವಳು ಅಲ್ಲಿನ ಈಜುಕೊಳ ತೊಳೆಯಲು ಬಂದವಳು. ಗೋದಾವರಿ ಸಮುದ್ರ ಸೇರುವ ಕಡೆಯವಳು, ಮೀನು ಹಿಡಿಯುವವರ ಮನೆಯವಳು. ಊರ ಪಕ್ಕ ತೈಲಬಾವಿ ಕೊರೆದ ಮೇಲೆ ಹಿನ್ನೀರಿನಲ್ಲಿ ಎಣ್ಣೆ ಹರಡಿ, ಮೀನು ಸತ್ತು, ನೀರಿಗಿಳಿದವರ ಮೈಗೆಲ್ಲ ತುರಿಕೆ ಹತ್ತಿ, ಮನೆಮಂದಿಯೆಲ್ಲ ಹೈದರಾಬಾದಿಗೆ ಬಂದಿದ್ದರು.

ನೀರಿನ ಆಸೆಯೇ ಹೋಗಿದೆ ಎನ್ನುತ್ತ ಅವಳು ದಂಡೆಯ ಮೇಲೆ ಕೂತೇ ಕಲಿಸುತ್ತಿದ್ದಳು. ನಾವು ಕಿರುಚಿದಾಗಲೆಲ್ಲ ದೋಣಿಗೆ ಹುಟ್ಟು ಹಾಕುವಂತೆ ಕೈ ಬೀಸಿ, "ಭಯಂ ಎಂದುಕಮ್ಮಾ?" ಎಂದು ನಗುತ್ತಿದ್ದಳು. ಭಯ ಯಾಕೆಂದು ಹೇಳಲು ಬಾಯಿ ತೆರೆದರೆ ನೀರು ನುಗ್ಗುತ್ತಿತ್ತು.

ಒಂದು ಮಧ್ಯಾಹ್ನ ಅರವತ್ತೈದು ದಾಟಿದ ನಮ್ಮ ಅತ್ತೆ ಇಳಕಲ್ ಸೀರೆಯಲ್ಲೇ ಕೊಳಕ್ಕಿಳಿದರು. ಸೀರೆ ಬಲೂನಿನಂತೆ ಉಬ್ಬಿ, ಅತ್ತೆ ಅಂಗಾತ ತೇಲಿಬಿಟ್ಟರು!

"ನೋಡ್ರೇ, ತೇಲಾಕತ್ತೀನಿ! ಯಾರೂ ಮುಟ್ಟಬ್ಯಾಡ್ರಿ ನನ್ನ!" ಎಂದು ತಮ್ಮೂರು ಕಲಬುರಗಿಗೇ ಕೇಳುವಂತೆ ಕೂಗಿದರು. ನಾವು ನಕ್ಕೂ ನಕ್ಕೂ ನೀರು ಕುಡಿದೆವು.

ಅಷ್ಟರಲ್ಲಿ ಧುಡುಂ ಎಂದು ಸದ್ದಾಯಿತು. ಟೀಚರ್ ಕೊಳಕ್ಕೆ ಹಾರಿದ್ದಳು. ಎಷ್ಟು ಹೊತ್ತಾದರೂ ಮೇಲೆ ಬರಲಿಲ್ಲ. ನಮ್ಮ ನಗು ನಿಂತೇಹೋಯಿತು. ಕೊನೆಗೆ ಆಚೆ ದಂಡೆಯ ಹತ್ತಿರ ತಲೆ ಎತ್ತಿದಳು. ನೀರಿಗಿಳಿದು ಎಷ್ಟು ವರ್ಷವಾಗಿತ್ತು, ಎಷ್ಟು ವರ್ಷವಾಗಿತ್ತು ಎಂದು ತೆಲುಗಿನಲ್ಲಿ ಕೂಗುತ್ತ, ಗಟ್ಟಿಯಾಗಿ ಉಸಿರೆಳೆದು ಮತ್ತೆ ಮುಳುಗಿದಳು.