ಒಬ್ದುಲಿಯಾ ಮತ್ತು ಕಲ್ಲಂಗಿಯ ಹುಳು

ಒಬ್ದುಲಿಯಾ ಚಿಕಾಯ್ಸಾಗೆ ಸಿಟ್ಟು ಬಂದರೆ ಆಂಡೀಸಿನ ಮೂರು ಜ್ವಾಲಾಮುಖಿಗಳು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದವು. ಜಿಲ್ಲಾ ಮ್ಯೂಸಿಯಮ್ಮಿನಲ್ಲಿ ಮೂವತ್ತೊಂದು ವರ್ಷ ಸೂಕ್ಷ್ಮದರ್ಶಕಕ್ಕೆ ಕಣ್ಣು ತೇದವಳು. ಅವಳೂರಿನ ತೊರೆಯಲ್ಲಿ ಹರಳುಗಳನ್ನು ಬಾಯಿಯ ರೇಷ್ಮೆಯಿಂದ ಅಂಟಿಸಿ ಕಲ್ಲಿನಂಗಿ ಹೊಲಿದುಕೊಳ್ಳುವ ಹುಳುವೊಂದಿತ್ತು. ಬಲಿತರೆ ಕಂದು ಕ್ಯಾಡಿಸ್ ನೊಣ. ಅದು ಲೋಕದಲ್ಲಿ ಬೇರೆಲ್ಲೂ ಇಲ್ಲದ ಹೊಸ ಜಾತಿ. ಆ ಮಾತನ್ನು ಚಿತ್ರಸಮೇತ ಬರೆದು ತೊರೆಯ ಹಣೆಬರಹ ತೀರ್ಮಾನಿಸುವ ಶುಕ್ರವಾರದ ಜಿಲ್ಲಾ ಸಭೆಯ ಮುಂದಿಡದಿದ್ದರೆ ವಿದ್ಯುತ್ ಕಂಪನಿ ಇಡೀ ತೊರೆಯನ್ನು ಕೊಳವೆಗೆ ತುರುಕುವುದಿತ್ತು.

ಈ ನೊಣಗಳ ಜಾತಿ ತಿಳಿಯುವುದು ಗಂಡಿನ ಬಾಲದ ಕೊಕ್ಕೆಗಳಿಂದ. ಬಾಲ ಕತ್ತರಿಸಿ ಕಾಸ್ಟಿಕ್ ಸೋಡಾದ ನೀರಲ್ಲಿ ಬಿಸಿಮಾಡಿದರೆ ಮಾಂಸ ಕರಗಿ ಕೊಕ್ಕೆ ಉಳಿಯುತ್ತದೆ. ಅವಳ ಬಳಿ ಇದ್ದದ್ದು ಒಂದೇ ಗಂಡು. ಅದರ ಬಾಲ ಒಲೆಯ ಮೇಲಿದ್ದಾಗಲೇ ಕಂಪನಿಯ ಇಂಜಿನಿಯರ್ ವಿನೀಸಿಯೊ ಫೋನ್ ಮಾಡಿದ.

"ಏನ್ ಒಬ್ದುಲಿಯಾ ಅಮ್ನೋರೇ, ನೊಣ ಹೊಡೀತಾ ಕೂತಿದೀರಂತೆ?"

"ಹೌದು ಸಾಹೇಬ್ರೇ. ಆ ತೊರೇಲಿ ಜೀವಾನೇ ಇಲ್ಲ ಅಂತ ವರದಿ ಬರೆದ್ರಲ್ಲ, ಬರೆದೋನು ಷೂ ಆದ್ರೂ ಒದ್ದೆ ಮಾಡ್ಕೊಂಡಿದ್ನಾ?"

"ಒಂದು ಹುಳಕ್ಕೋಸ್ಕರ ಊರು ಕತ್ತಲಲ್ಲಿರ್ಬೇಕಾ?"

"ಊರಿಗೆ ಕರೆಂಟ್ ಬಂದು ಇಪ್ಪತ್ತು ವರ್ಷ ಆಯ್ತೋ! ನೀನು ಮಾರೋದು ಗಣಿಗೆ!"

ಕಿಟಕಿಯ ಗಾಜು ಬೆವರುವಷ್ಟು ಬೈದು ತಿರುಗಿದರೆ ನೀರು ಬತ್ತಿ, ಬಾಲ ತಳಕ್ಕಂಟಿ ಕರಕಲಾಗಿತ್ತು. ಉಳಿದ ಬೈಗುಳವನ್ನೆಲ್ಲ ಒಬ್ದುಲಿಯಾ ತನಗೇ ಬೈದುಕೊಂಡಳು.

ಅವತ್ತೇ ತೊರೆಗಿಳಿದಳು. ಅಂಗಿಯ ಬಾಯಿ ಮುಚ್ಚಿಕೊಂಡು ರೆಕ್ಕೆಗಾಗಿ ಕಾಯುತ್ತಿದ್ದ ಏಳು ಹುಳುಗಳನ್ನು ತಂದು, ಅಡುಗೆಮನೆಯ ದೊಡ್ಡ ಪಾತ್ರೆಯ ತಣ್ಣೀರಿಗೆ ಬಿಟ್ಟು, ಬಲೆ ಮುಚ್ಚಿದಳು.

ಗಂಡ ಸೆಗುಂಡೋ ಇಣುಕಿ, "ಇವತ್ತು ಆಲೂಗಡ್ಡೆ ಸಾರು ಯಾವುದ್ರಲ್ಲಿ ಮಾಡ್ತೀಯೇ?" ಎಂದ.

"ನಿನ್ನ ಟೋಪಿಯಲ್ಲಿ!"

ಗುರುವಾರದ ಹೊತ್ತಿಗೆ ಆರು ನೊಣ ಎದ್ದವು. ಆರೂ ಹೆಣ್ಣು. ಶುಕ್ರವಾರ ಬೆಳಗ್ಗೆ ಏಳನೆಯದು ಎದ್ದಿತು: ಗಂಡು! ಬಾಲ ಒಲೆಗೇರುತ್ತಲೇ ಫೋನ್ ಬಡಿದುಕೊಂಡಿತು. ಅದು ಗಂಟಲು ಕಟ್ಟುವವರೆಗೆ ಕೂಗಿಕೊಂಡರೂ ಒಬ್ದುಲಿಯಾ ಬಾಲದಿಂದ ಕಣ್ಣು ಕೀಳಲಿಲ್ಲ.

ಸಭೆಯಲ್ಲಿ ಕೊಕ್ಕೆಗಳ ಚಿತ್ರ ಮೇಜಿಗೆ ಬಿತ್ತು. ಅಧ್ಯಕ್ಷರು ಕನ್ನಡಕ ಏರಿಸಿ, ಇಳಿಸಿ, ಕೊಳವೆಯ ಕೆಲಸಕ್ಕೆ ತಡೆ ಹಾಕಿದರು.

ವಿನೀಸಿಯೊ ಹಲ್ಲು ಕಚ್ಚಿ ಕೇಳಿದ, "ಆ ಹುಳಕ್ಕೆ ಯಾರ ಹೆಸರಿಟ್ರಿ? ನಿಮ್ಮದೇ ಇರ್ಬೇಕು."

"ಛೆ, ನಿಮ್ಮದು ಸಾಹೇಬ್ರೇ. ನಾಳೆ ಇನ್ಯಾವನಾದ್ರೂ ಆ ತೊರೆ ಒಣಗಿಸಿದ್ರೆ, ವಿನೀಸಿಯೊ ನಿರ್ವಂಶ ಆಯ್ತು ಅಂತ ಲೋಕದ ಪುಸ್ತಕದಲ್ಲೆಲ್ಲ ಬರ್ಕೋತಾರೆ. ಕಾವಲು ಇನ್ಮೇಲೆ ನಿಮ್ಮದೇ."