ಮೊಮ್ಮಗಳ ಪುಸ್ತಕದ ಅಂಚು ಕತ್ತರಿಸಿದ ದಿನ

ಹೋದ ವರ್ಷ ಗಣಪತಿ ಹಬ್ಬ ಮುಗಿದ ವಾರ ನಡೆದದ್ದು ಇದು. ಹರಿಹರದ ಒಂದು ಪ್ರೆಸ್‌ನಲ್ಲಿ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ನನ್ನ ಕೆಲಸ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಕನ್ನಡ ನಿಧಾನಕ್ಕೆ ಓದುತ್ತೇನೆ. ಇಂಗ್ಲಿಷ್‌ನಲ್ಲಿ ಪುಟದ ನಂಬರು ಬಿಟ್ಟರೆ ಏನೂ ತಿಳಿಯದು.

ನನ್ನ ಮೊಮ್ಮಗಳು ಚೈತ್ರಾ ಇಂಗ್ಲಿಷ್ ಎಂ.ಎ. ಮಾಡಿದ್ದಾಳೆ ನೋಡಿ! ಅವಳ ಹತ್ತಿರ ಒಂದು ದಪ್ಪ ಪುಸ್ತಕವಿತ್ತು. ದಾವಣಗೆರೆಯಲ್ಲಿ ಹಳೆ ಪುಸ್ತಕದ ಅಂಗಡಿಯಲ್ಲಿ ಕೊಂಡದ್ದು. ಎರಡು ವರ್ಷ ಊಟಕ್ಕೆ ಕೂತರೂ ಪಕ್ಕದಲ್ಲಿ ಅದೇ.

“ಡಿಕ್ಷನರಿ ಏನವ್ವ ಅದು?” ಎಂದು ಒಮ್ಮೆ ಕೇಳಿದೆ.

“ಅಲ್ಲಜ್ಜ. ಇಂಗ್ಲಿಷ್ ಬರೆಯೋರು, ತಿದ್ದೋರು ಇಟ್ಕೊಳ್ಳೋ ಪುಸ್ತಕ. ಒಂದು ಮಾತು ಹಿಂಗೆ ಬರೀಬೇಕೋ ಹಂಗೆ ಬರೀಬೇಕೋ ಅಂತ ಅನುಮಾನ ಬಂದ್ರೆ ಇದ್ರಾಗೆ ನೋಡ್ತಾರೆ.”

“ಇಂಗ್ಲಿಷ್‌ನೋರಿಗೂ ಇಂಗ್ಲಿಷ್ ಅನುಮಾನ ಬರ್ತೈತಾ?”

“ಅವರಿಗೇ ಜಾಸ್ತಿ!” ಎಂದು ನಕ್ಕಳು.

ಆ ಪುಸ್ತಕ ತಪ್ಪು ಮಾಡಿದವರನ್ನು ಗದರಿಸುವುದಿಲ್ಲವಂತೆ. ಹಿಂದಿನವರು ಹೀಗೆ ಬರೆಯುತ್ತಿದ್ದರು, ಈಗಿನವರು ಹಾಗೆ ಬರೆಯುತ್ತಾರೆ, ನೀನು ಯಾರಿಗಾಗಿ ಬರೆಯುತ್ತಿದ್ದೀಯೋ ನೋಡಿ ಆರಿಸಿಕೋ ಎನ್ನುತ್ತದಂತೆ. ಇಷ್ಟು ತಾಳ್ಮೆಯಿಂದ ಬರೆದ ಪುಣ್ಯಾತ್ಮರು ಯಾರೋ, ಅವರಿಗೆ ಕೈಮುಗಿಯಬೇಕು ಎನಿಸಿತು.

ಆ ವಾರ ದಾವಣಗೆರೆಯ ಒಂದು ಆಫೀಸಿನಿಂದ ಚೈತ್ರಾಳಿಗೆ ಪರೀಕ್ಷೆಗೆ ಕರೆ ಬಂತು. ಅಚ್ಚಾಗುವ ಮುಂಚೆ ಇಂಗ್ಲಿಷ್ ಪುಸ್ತಕಗಳನ್ನು ತಿದ್ದಿಕೊಡುವ ಆಫೀಸು ಅದು. ಖಾಲಿ ಇದ್ದದ್ದು ಒಂದೇ ಜಾಗ. ಪರೀಕ್ಷೆಗೆ ಸ್ವಂತದ್ದೊಂದು ಪುಸ್ತಕ ತಂದು ನೋಡಿಕೊಳ್ಳಬಹುದು ಎಂದಿದ್ದರು. ಆದರೆ ಅವಳ ಪುಸ್ತಕದ ಬೆನ್ನು ಕಿತ್ತುಹೋಗಿ ಹಾಳೆಗಳು ಉದುರುತ್ತಿದ್ದವು. ನಾನಿರುವುದು ಯಾಕೆ? ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆಯೇ ಪ್ರೆಸ್‌ಗೆ ಒಯ್ದೆ.

ಹೊಲಿದೆ. ಬೆನ್ನಿಗೆ ಅಂಟು ಬಳಿದು ಒಣಗಿಸಿದೆ. ಅಂಚೆಲ್ಲ ಹರಿದು ಮೂಲೆಗಳು ಮಡಚಿಕೊಂಡಿದ್ದವು. ಚಂದ ಕಾಣಲಿ ಎಂದು ಕಟಿಂಗ್ ಮಷಿನ್ನಿಗೆ ಇಟ್ಟು ಬೆರಳಗಲ ಕತ್ತರಿಸಿಬಿಟ್ಟೆ. ಹೊಲಿದ ಮೇಲೆ ಕತ್ತರಿಸುವುದು ಕೈಗೆ ಕೂತ ಅಭ್ಯಾಸ. ಒಳಗೆ ಏನಿದೆ ಎಂದು ನೋಡುವವನಲ್ಲ ನಾನು.

ಜೊತೆಗೆ ಕೆಲಸ ಮಾಡುವ ಖಾದರ್ ಪುಸ್ತಕ ತಿರುವಿ ನೋಡಿದ. “ಬಸಣ್ಣ, ಅಂಚಿಗೆ ಪೆನ್ಸಿಲ್‌ನಾಗೆ ಏನೋ ಬರೆದೈತಲ್ಲೋ. ಎಲ್ಲಾ ಅರ್ಧಕ್ಕೇ ನಿಂತೈತೆ!”

ಎರಡು ವರ್ಷ ಅವಳು ಪುಟದ ಅಂಚಿನಲ್ಲಿ ಬರೆದುಕೊಂಡದ್ದನ್ನೆಲ್ಲ ನಾನೇ ಕತ್ತರಿಸಿದ್ದೆ. ಫೋನ್ ಮಾಡಿದೆ. ಓಡಿ ಬಂದಳು. ಪುಟ ತಿರುವಿದಳು, ಇನ್ನೊಂದು ತಿರುವಿದಳು. ಬೈಯಲಿಲ್ಲ. “ಎಲ್ಲಾ ಹೋತೇನಜ್ಜ?” ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

“ಎಲ್ಲಿ ಹೋಗ್ತಾವವ್ವ ಚೂರು? ಇಲ್ಲೇ ಬಿದ್ದಾವೆ,” ಎಂದ ಖಾದರ್. “ಯಾರೂ ಪೊರಕೆ ಮುಟ್ಟಬ್ಯಾಡ್ರಿ!” ಎಂದು ಪ್ರೆಸ್‌ಗೆಲ್ಲ ಕೇಳುವಂತೆ ಕೂಗಿದ.

ಆಗ ನನಗೆ ಜೀವ ಬಂತು. ಮಷಿನ್ನಿನಲ್ಲಿ ಕತ್ತರಿಸಿದ ಚೂರುಗಳು ಪುಟಗಳಿದ್ದ ಸಾಲಿನಲ್ಲೇ ಒಂದರ ಮೇಲೊಂದು ಬೀಳುತ್ತವೆ. ಆದರೆ ಪುಸ್ತಕ ಎತ್ತುವಾಗ ಅರ್ಧದಷ್ಟು ಚೆದುರಿದ್ದವು. “ನೀನು ಮನೀಗೆ ಹೋಗಿ ಓದ್ಕೊಳವ್ವ. ಸಂಜೀಗೆ ತರ್ತೀನಿ,” ಎಂದೆ.

“ನಿಂಗೆ ಇಂಗ್ಲಿಷ್ ಬರಲ್ಲಲ್ಲ ಅಜ್ಜ, ಹೆಂಗೆ ಹೊಂದಿಸ್ತಿ?”

“ಓದೋದು ನಿನ್ನ ಕೆಲಸ. ಕೂಡಿಸೋದು ನಂದು.”

ಸಾಲು ತಪ್ಪದ ಚೂರುಗಳು ಬೇಗ ಮುಗಿದವು. ಉಳಿದವುಗಳಿಗೆ ನಾನೂ ಖಾದರೂ ನೆಲದ ಮೇಲೆ ಕೂತೆವು. ಪುಟದಲ್ಲಿ ಒಂದು ಗೀಟು ಬಾಗಿ ನಿಂತಿದ್ದರೆ, ಅದರ ಉಳಿದ ಬಾಲ ಯಾವ ಚೂರಿನಲ್ಲಿದೆ ಎಂದು ಹುಡುಕುವುದು. ಅಕ್ಷರ ಯಾವುದೋ, ಅರ್ಥ ಏನೋ, ಗೀಟಿಗೆ ಗೀಟು ಕೂಡಿದರೆ ಸೈ. ಹಿಂದಿನಿಂದ ತೆಳ್ಳನೆ ಕಾಗದ ಇಟ್ಟು ಮೈದಾ ಅಂಟಿನಲ್ಲಿ ಅಂಟಿಸಿದೆವು. “ನಿನ್ನ ಮೊಮ್ಮಗಳು ಇಷ್ಟು ಯಾಕ ಬರೆದಾಳೋ ಮಾರಾಯ!” ಎಂದು ಖಾದರ್ ಬೈಯುತ್ತಲೇ ಮಧ್ಯಾಹ್ನದ ಊಟವನ್ನೂ ಬಿಟ್ಟ. ಸಂಜೆಯ ಹೊತ್ತಿಗೆ ಪುಸ್ತಕ ಮೈ ಕೊಡವಿಕೊಂಡ ಕೋಳಿಯ ಹಾಗೆ ಕಾಣುತ್ತಿತ್ತು. ಅದನ್ನೇ ಅವಳ ಕೈಗಿಟ್ಟೆ.

ಮರುದಿನ ಅವಳ ಜೊತೆ ನಾನೂ ದಾವಣಗೆರೆಗೆ ಹೋದೆ. ಆಫೀಸಿನ ಮೆಟ್ಟಿಲ ಮೇಲೆ ಮೂರು ತಾಸು ಕೂತೆ. ಚೈತ್ರಾ ಹೊರಗೆ ಬಂದವಳೇ ಪುಸ್ತಕ ತೆರೆದು ಹೇಳಿದಳು, “ಅಜ್ಜ, ಎರಡು ಚೂರು ಬೇರೆ ಪುಟಕ್ಕೆ ಅಂಟಿಸೀಯ.”

“ಅಯ್ಯೋ, ಪರೀಕ್ಷೆ ಕೆಡ್ತೇನವ್ವ?”

“ಇಲ್ಲಜ್ಜ, ನೋಡಿದ ಕೂಡ್ಲೇ ಹಿಡಿದೆ. ತಪ್ಪು ಹಿಡಿಯೋ ಕೆಲಸಕ್ಕೇ ಅಲ್ವಾ ನಾನು ಬಂದಿರೋದು? ಅಷ್ಟು ಪುಟದಾಗೆ ಎರಡೇ ಎರಡು!” ಎಂದು ಅಲ್ಲೇ, ರಸ್ತೆಯಲ್ಲೇ, ನನ್ನ ಕೈ ಹಿಡಿದುಕೊಂಡಳು.

ಎಂಟು ದಿನಕ್ಕೆ ಕಾಗದ ಬಂತು. ಕೆಲಸ ಅವಳಿಗೇ! ಖಾದರ್‌ಗೆ ಪೇಡೆ ಒಯ್ದೆ. ಈಗ ಅವಳು ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಬರುತ್ತಾಳೆ. ದೊಡ್ಡ ದೊಡ್ಡವರು ಬರೆದದ್ದನ್ನು ನನ್ನ ಮೊಮ್ಮಗಳು ತಿದ್ದುತ್ತಾಳೆ ಎಂದು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಅಂದಿನಿಂದ ಯಾರದೇ ಹಳೆ ಪುಸ್ತಕ ಬರಲಿ, ಕತ್ತರಿಸುವ ಮೊದಲು ಹಾಳೆ ಹಾಳೆ ತಿರುವಿ ನೋಡುತ್ತೇನೆ. ಪೆನ್ಸಿಲಿನ ಗುರುತು ಕಂಡರೆ ಅಂಚು ಎಷ್ಟೇ ಹರಿದಿರಲಿ, ಹಾಗೆಯೇ ಬಿಡುತ್ತೇನೆ. ಫಿನಿಶಿಂಗ್ ಇಲ್ಲ ಎಂದು ಗಿರಾಕಿ ಮುಖ ಸಿಂಡರಿಸಿದರೆ ಸಿಂಡರಿಸಲಿ.