ಗೋಡೆಗೊಂದು ಗೋಡೆ

ನಮ್ಮ ಕಡೆ ಕಲೆಗೆ ಜಾಗ ಕೇಳಲು ಹೋದರೆ ಮೊದಲು ಚಾ ಕೊಡುತ್ತಾರೆ. ಚಾ ಮುಗಿಯುವವರೆಗೆ ಕಲೆಯ ಬಗ್ಗೆ ಬಹಳ ಒಳ್ಳೆಯ ಮಾತಾಡುತ್ತಾರೆ. ಲೋಟ ಕೆಳಗಿಟ್ಟ ಮೇಲೆ ಜಾಗ ಇಲ್ಲ ಎನ್ನುತ್ತಾರೆ. ಒಂದಿಡೀ ಬೇಸಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸುತ್ತಿ ಕುಡಿದ ಚಾಕ್ಕೇ ನನಗೆ ಪಿತ್ತ ನೆತ್ತಿಗೇರಿತ್ತು.

ನಾನು ಕೇಳಿದ್ದು ದೊಡ್ಡದೇನೂ ಅಲ್ಲ. ಒಂದು ಗೋಡೆ ನಿಲ್ಲಿಸುವಷ್ಟು ಜಾಗ, ಮೇಲೊಂದು ಸೋರದ ಮಾಡು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತಳಾದವಳು ನಾನು. ಮನ್ಮನೆ ಕಡೆಯ ನನ್ನ ತವರುಮನೆಯನ್ನು ತಮ್ಮ ಕೆಡವಿ ಆರ್‌ಸಿಸಿ ಕಟ್ಟಿಸಲು ಹೊರಟಾಗ, ಒಳಗಿನ ಮಣ್ಣಿನ ಗೋಡೆಯಲ್ಲಿ ಬಾಗಿಲಿನಷ್ಟು ಅಗಲದ ಒಂದು ತುಂಡನ್ನು ಹಾಗೇ ಕತ್ತರಿಸಿ ತೆಗೆಸಿದ್ದೆ. ಸುತ್ತ ಹಲಗೆ ಹೊಡೆಸಿ, ಹುಲ್ಲು ಒತ್ತಿಸಿ, ಹಸಿ ಬಾಣಂತಿಯನ್ನು ಸಾಗಿಸಿದಷ್ಟು ಜೋಪಾನವಾಗಿ ತಮ್ಮನ ಶೆಡ್ಡಿಗೆ ಸಾಗಿಸಿದ್ದಾಯಿತು. ಅದರ ಮೇಲೆ ಅವ್ವ ಬರೆದ ಹಸೆ ಚಿತ್ತಾರ ಇತ್ತು.

ಮದುಮಕ್ಕಳನ್ನು ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಅದು ಒಣಗಿದ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಎಳೆ ಎಳೆಯಾಗಿ ಬರೆಯುವುದು ಚಿತ್ತಾರ. ನಮ್ಮಲ್ಲಿ ಚಿತ್ತಾರವನ್ನು ಬಿಡಿಸುವುದಿಲ್ಲ, ಬರೆಯುತ್ತಾರೆ. ಹಬ್ಬ ಬಂದರೆ ಅವ್ವ ಹಳೆಯದರ ಮೇಲೆ ಮತ್ತೆ ಕೆಮ್ಮಣ್ಣು ಬಳಿದು ಹೊಸದು ಬರೆಯುತ್ತಿದ್ದಳು. ಹೋದದ್ದಕ್ಕೆ ಬೇಜಾರು ಮಾಡಿಕೊಂಡವಳಲ್ಲ. ಕೊನೆಯದು ತಮ್ಮನ ಮದುವೆಗೆ ಬರೆದದ್ದು. ಮುಂದಿನ ಹಬ್ಬದ ಹೊತ್ತಿಗೆ ಅವಳೇ ಇರಲಿಲ್ಲ. ಅದರ ಮೇಲೆ ಬಳಿಯಲು ಯಾರಿಗೂ ಕೈ ಬರಲಿಲ್ಲ. ಅವಳ ಕೈಯದ್ದು ಎಂದು ಉಳಿದದ್ದು ಅದೊಂದೇ.

“ಅಕ್ಕ, ಶೆಡ್ಡಲ್ಲಿ ಇಟ್ಕಂಡ್ರೆ ಮಳೆಗಾಲಕ್ಕೆ ಕರಗಿ ಕೆಸರಾಗ್ತದೆ. ಎಲ್ಲಾದ್ರೂ ಒಳ್ಳೆ ಕಡೆ ಸೇರ್ಸು” ಎಂದ ತಮ್ಮ. ಹಾಗೆ ಶುರುವಾಯಿತು ನನ್ನ ಚಾ ಯಾತ್ರೆ.

ಸಿದ್ದಾಪುರದಲ್ಲಿ ಒಬ್ಬ ಅಧಿಕಾರಿ ನನ್ನ ಮಾತನ್ನೆಲ್ಲ ಕೇಳಿ, “ಇದು ಯಾವ ಸ್ಕೀಮಿಗೆ ಬರ್ತದೆ?” ಎಂದರು. ಗೊತ್ತಿಲ್ಲ ಎಂದೆ. “ಪ್ರವಾಸೋದ್ಯಮ ಅಂದ್ರೆ ಪಾರ್ಕಿಂಗ್ ಬೇಕು. ಸಂಸ್ಕೃತಿ ಅಂದ್ರೆ ಮೂರ್ತಿನೋ ಶಾಸನನೋ ಬೇಕು. ಬರೀ ಗೋಡೆಗೆ ಅಂತ ಇರೋದು ಕಂಪೌಂಡ್ ಅನುದಾನ ಒಂದೇ.” ಅವರು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಯಲ್ಲಾಪುರದಲ್ಲಿ ಹೋಮ್‌ಸ್ಟೇ ನಡೆಸುವವನಿಗೆ ಗೋಡೆಯ ಫೋಟೋ ನೋಡಿದ್ದೇ ಖುಷಿಯೋ ಖುಷಿ. “ಗೆಸ್ಟುಗಳು ಫೋಟೋ ಹೊಡ್ಕಳ್ಳಿಕ್ಕೆ ಭಾರೀ ಚಂದ ಆಗ್ತದೆ ಮೇಡಂ. ಈಜುಕೊಳದ ಬಗಲಿಗೆ ನಿಲ್ಲಿಸುವ” ಎಂದ. ಮಣ್ಣಿನ ಗೋಡೆಯನ್ನು ನೀರಿನ ಬಗಲಿಗೆ. ಅವನ ತಲೆಯಲ್ಲಿ ಏನಿತ್ತೋ, ಅದು ಖಂಡಿತ ಮಿದುಳಲ್ಲ.

ಬನವಾಸಿಯ ಅನಾನಸ್ ವ್ಯಾಪಾರಿ ಒಬ್ಬನೇ ಇದ್ದದ್ದು ಇದ್ದ ಹಾಗೆ ಹೇಳಿದ. “ಬರ್ರಿ ಅಕ್ಕಾರ, ಕುಂದರ್ರಿ. ಗೋದಾಮು ನಿಮ್ದ ಅಂತ ತಿಳ್ಕೋರಿ. ಹಣ್ಣಿನ ಸೀಜನ್ ಬಂದಾಗ ಮಾತ್ರ ಖಾಲಿ ಮಾಡಿ ಕೊಡ್ರಿ, ಆಮ್ಯಾಲೆ ಮತ್ತ ತಂದು ಇಡ್ರಿ.” ಹಣ್ಣು ಬಂದಾಗ ಎದ್ದು ಹೋಗುವ ಮ್ಯೂಸಿಯಂ. ಬರುವಾಗ ಒಂದು ಅನಾನಸ್ ಕೈಗೆ ಕೊಟ್ಟು ಕಳಿಸಿದ. ಆ ಬೇಸಿಗೆಯಲ್ಲಿ ಕಲೆಗೆಂದು ನನಗೆ ಸಿಕ್ಕ ಶರತ್ತಿಲ್ಲದ ನೆರವು ಅದೊಂದೇ, ಹಣ್ಣು ಸಿಹಿಯಾಗಿತ್ತು.

ಕಡೆಗೆ ಶಿರಸಿಯಲ್ಲಿ ಒಬ್ಬರು ಸಿಕ್ಕರು. ತೋಟಸ್ಥರು, ಊರಿನ ಅರ್ಧ ಸಮಿತಿಗಳಿಗೆ ಅಧ್ಯಕ್ಷರು. ಅವರ ಸಂಘದ ಹಳೇ ಕಟ್ಟಡದ ಹಿಂದೆ ಒಂದು ಹಾಲ್ ಖಾಲಿ ಬಿದ್ದಿತ್ತು. “ಅಕ್ಕೋರೆ, ಒಂದು ಗೋಡೆ ಯಾಕೆ, ಸಣ್ಣ ಕಲಾ ಸಂಗ್ರಹಾಲಯವೇ ಮಾಡುವ. ಬೆಂಡಿನ ಬಾಸಿಂಗ, ಯಕ್ಷಗಾನದ ಕಿರೀಟ ಎಲ್ಲ ಇರ್ಲಿ. ನಡುವೆ ನಿಮ್ಮ ಗೋಡೆ” ಎಂದರು. ಶಾಲೆ ಬಿಟ್ಟು ವರ್ಷಗಳಾದ ಮೇಲೂ ಯಾರಾದರೂ ಅಕ್ಕೋರೆ ಎಂದರೆ ನನಗೆ ಮನಸ್ಸು ಕರಗುತ್ತದೆ. ಕರಗಿತು. ಅವರು ಕೆಟ್ಟವರಲ್ಲ, ತೊಂದರೆ ಇರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ನಾನು ಗೋಡೆಯ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಹಾಲಿನ ಮಾಡು ರಿಪೇರಿಗೆ, ದೀಪಕ್ಕೆ, ಕಪಾಟಿಗೆ ಎಂದು ದೇಣಿಗೆ ಎತ್ತಲು ಅವರ ಕಾರಿನಲ್ಲಿ ಹೊರಟೆವು. ಹೆಗಡೆಕಟ್ಟಾದಿಂದ ಹಿಡಿದು ಪೇಟೆಯ ಅಂಗಡಿಯವರೆಗೆ ಎಲ್ಲ ಕಡೆ ನಾನು ಫೋಟೋ ತೋರಿಸಿ ಅವ್ವನ ಎಳೆಗಳ ಬಗ್ಗೆ ಹೇಳುತ್ತಿದ್ದೆ. ಕೇಳುವವರು ಫೋಟೋ ಕೆಳಗಿಟ್ಟು ಅಧ್ಯಕ್ಷರ ಮುಖ ನೋಡುತ್ತಿದ್ದರು. “ಹೆಸ್ರು ಎಲ್ಲಿ ಬರಸ್ತ್ರಿ?” ಇದು ಏನು, ಯಾರು ಬರೆದದ್ದು, ಯಾಕೆ ಉಳಿಸಬೇಕು ಎಂದು ಕೇಳಿದವರು ಒಬ್ಬರೂ ಇಲ್ಲ. ಅಧ್ಯಕ್ಷರು ತಮ್ಮ ಮನೆಮಾತಿಗೆ ಇಳಿದು, “ಎಂತೂ ಚಿಂತೆ ಇಲ್ಲೆ, ಆನು ನೋಡ್ತೆ” ಎನ್ನುತ್ತಿದ್ದರು. ಚೆಕ್ ಬರುತ್ತಿತ್ತು.

ಹಾಗೆಂದು ನಮ್ಮವರು ಕೈಬಿಗಿ ಎಂದು ನಾನು ಹೇಳುವುದಿಲ್ಲ. ಕೊಡುತ್ತಾರೆ, ಆದರೆ ಕೊಟ್ಟದ್ದರ ಮೇಲೆ ಹೆಸರು ಕೂರಬೇಕು. ಆ ಹಾಲಿನ ಫ್ಯಾನಿನ ರೆಕ್ಕೆಯ ಮೇಲೂ ಯಾರದೋ ಅಜ್ಜನ ಹೆಸರಿದೆ. ಕರೆಂಟು ಇದ್ದರೆ ಅಜ್ಜ ಗಿರಗಿರ ತಿರುಗುತ್ತಾನೆ, ಹೋದಾಗ ಮಾತ್ರ ಓದಲು ಸಿಗುತ್ತಾನೆ. ಟ್ಯೂಬ್‌ಲೈಟಿನ ಮೇಲೆ ಎಷ್ಟು ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆಂದರೆ ಬೆಳಕು ಆ ಹೆಸರಿನ ಅಪ್ಪಣೆ ಕೇಳಿಯೇ ಹೊರಗೆ ಬರಬೇಕು.

ಹಾಲಿನ ಗೋಡೆಗಳಿಗೆ ದಾನಿಗಳ ಹೆಸರಿನ ಕಲ್ಲು ಕೂರಿಸುವ ಮಾತು ಬಂದಾಗ ನಾನು ಸುಮ್ಮನಿರಲಿಲ್ಲ. “ಚಿತ್ರ ನೋಡ್ಲಿಕ್ಕೆ ಬಂದವರು ಹೆಸರು ಓದಿ ಹೋಗಬೇಕಾ? ಹಾಲಿನ ಗೋಡೆಗೆ ಒಂದು ಹೆಸರು ಕಂಡ್ರೂ ನಾನು ನನ್ನ ಗೋಡೆ ವಾಪಸ್ ಒಯ್ತೇನೆ” ಎಂದು ಸಮಿತಿಯ ಎದುರೇ ಹೇಳಿದೆ. ತರಗತಿಯಲ್ಲಿ ಡಸ್ಟರ್ ಕುಟ್ಟುತ್ತಿದ್ದ ದನಿ ಇನ್ನೂ ಇತ್ತು ನನ್ನಲ್ಲಿ. ಅಧ್ಯಕ್ಷರು ಎದ್ದು ನಿಂತು, “ಅಕ್ಕೋರು ಹೇಳಿದ್ದು ಸರಿ. ಹಾಲಿನ ಗೋಡೆಗೆ ಒಂದಕ್ಷರ ಬರೆಸೂದಿಲ್ಲ, ಮಾತು ಕೊಟ್ಟೆ” ಎಂದರು. ಗೆದ್ದೆ ಎಂದುಕೊಂಡು ಮನೆಗೆ ಬಂದೆ. ಮಳೆ ಹಿಡಿಯುವ ಮೊದಲು ನನ್ನ ತಮ್ಮ ಗೋಡೆಯನ್ನು ಪಿಕಪ್‌ನಲ್ಲಿ ತಂದು ಹಾಲಿನ ನಟ್ಟನಡುವೆ ನಿಲ್ಲಿಸಿ ಹೋದ. ಒಂದು ಎಳೆಯೂ ಉದುರಿರಲಿಲ್ಲ.

ಉದ್ಘಾಟನೆಯ ದಿನ ಬೆಳಿಗ್ಗೆ ಹೋದೆ. ತಮ್ಮನೂ ಅವನ ಹೆಂಡತಿಯೂ ನನಗಿಂತ ಮುಂಚೆ ಬಂದು ಹಾಲಿನ ನಡುವೆ ನಿಂತಿದ್ದರು. ಮದುವೆಯಲ್ಲಿ ಅವ್ವನ ಗೋಡೆಯ ಮುಂದೆ ಹಸೆಮಣೆಯಲ್ಲಿ ಕೂತವರು ಅವರಿಬ್ಬರು.

ಗೋಡೆ ಕೆಂಪಗೆ ಹೊಳೆಯುತ್ತಿತ್ತು, ಆಗಷ್ಟೇ ಬಳಿದ ಕೆಂಪು. ಅದರ ಮೇಲೆ ಮೇಲಿನಿಂದ ಕೆಳಗಿನವರೆಗೆ ಬಿಳಿ ಆಯಿಲ್ ಪೇಂಟಿನಲ್ಲಿ, ಬಾಲ ಸುತ್ತಿದ ಅಕ್ಷರಗಳಲ್ಲಿ, ದಾನಿಗಳ ಹೆಸರುಗಳು. ನಾನು ಸೆರಗಿನ ತುದಿ ಒದ್ದೆ ಮಾಡಿ ಒಂದು ಮೂಲೆ ಒರೆಸಿ ನೋಡಿದೆ. ಹೊಸ ಕೆಮ್ಮಣ್ಣೂ ಬಂತು, ಅಡಿಯಲ್ಲಿದ್ದ ಅವ್ವನ ಅಕ್ಕಿಹಿಟ್ಟೂ ಬಂತು. ಒರೆಸುವುದನ್ನು ಅಲ್ಲಿಗೇ ಬಿಟ್ಟೆ.

ಅಧ್ಯಕ್ಷರು ಶಲ್ಯ ಸರಿಮಾಡಿಕೊಳ್ಳುತ್ತ ಬಂದರು. ಮುಖದಲ್ಲಿ ಮದುವೆ ಮನೆಯ ಯಜಮಾನನ ಕಳೆ. “ಹೆಂಗಿದ್ದು ಅಕ್ಕೋರೆ? ಮಾಸಿ ಹೋಗಿತ್ತು, ಮಂತ್ರಿಗಳು ಬರೂ ದಿನ ಹಾಗೆ ಇದ್ರೆ ಚಂದ ಅಲ್ಲ. ಪೇಂಟ್ ಹೊಡೆಸ್ಲಿಲ್ಲ ಮತ್ತೆ, ಒಳ್ಳೆ ಕೆಮ್ಮಣ್ಣೇ ತರಿಸಿ ಬಳಿಸಿದ್ದು. ಕಾರ್ಯಕ್ಕೆ ಬಳಿಯೂದು ನಿಮ್ಮಲ್ಲಿ ಪದ್ಧತಿ ಅಲ್ದಾ?”

ಪದ್ಧತಿಯೇ.

“ಹಾಲಿನ ಗೋಡೆಗೆ ಒಂದಕ್ಷರ ಬರೆಸ್ಲಿಲ್ಲ ನೋಡಿ. ಕೊಟ್ಟ ಮಾತು” ಎಂದು ನಾಲ್ಕೂ ಕಡೆ ಕೈ ತೋರಿಸಿದರು. ನಿಜ, ಹಾಲಿನ ಗೋಡೆಗಳು ಹಾಲಿನಷ್ಟು ಬೆಳ್ಳಗಿದ್ದವು.

“ಅವ್ವ ಬಳಿದು ಸುಮ್ಮನಾಗ್ತಿರಲಿಲ್ಲ” ಎಂದೆ. “ಬಳಿದ ಮೇಲೆ ಬರೀತಿದ್ದಳು.”

“ಬರೆಸಿದ್ದೇವಲ್ಲ” ಎಂದರು ಅವರು, ಸ್ವಲ್ಪ ನೋವಾದವರ ಹಾಗೆ. “ಹುಬ್ಬಳ್ಳಿಯಿಂದ ಪೇಂಟರ್ ಕರೆಸಿದ್ದು. ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗೆ.”

ಈ ಮನುಷ್ಯನಿಗೆ ಬೈದರೆ ಬೈಗುಳಕ್ಕೂ ಒಂದು ಶಾಲು ಹೊದಿಸಿಬಿಡುತ್ತಾರೆ.

ದೀಪ ಹಚ್ಚಿದರು. ಫ್ಯಾನಿನ ಅಜ್ಜ ತಿರುಗಿದ. ಭಾಷಣಗಳಲ್ಲಿ ಜಾನಪದ, ಬೇರು, ಪರಂಪರೆ ಎಲ್ಲ ಬಂದು ಹೋದವು. ಹೆಸರು ಬರೆಸಿಕೊಂಡವರು ತಮ್ಮ ತಮ್ಮ ಹೆಸರಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಕಡೆಗೆ ನನ್ನನ್ನು ಕರೆದು, ಚಿತ್ತಾರದ ಬಗ್ಗೆ ಎರಡು ಮಾತಾಡಿ ಎಂದರು.

ನಾನು ಮೈಕ್ ಹಿಡಿದು ಗೋಡೆಯ ಹತ್ತಿರ ಹೋದೆ. ಬರೆದದ್ದನ್ನು ಮೇಲಿನಿಂದ ಕೆಳಗಿನವರೆಗೆ ಗಟ್ಟಿಯಾಗಿ ಓದಿದೆ, ಒಂದು ಹೆಸರನ್ನೂ ಬಿಡದೆ. ಓದಿ ಮುಗಿಸಿ, “ಇದರ ಅಡಿಯಲ್ಲಿ ನನ್ನ ಅವ್ವ ಇದ್ದಾಳೆ” ಎಂದೆ. “ಅವಳಿಗೆ ಹೆಸರು ಬರೆಯಲು ಬರ್ತಿರಲಿಲ್ಲ.”

ಚಪ್ಪಾಳೆ ಬಹಳ ಹೊತ್ತು ಬಿತ್ತು. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಕಣ್ಣೊರೆಸಿಕೊಂಡರು. ತಮ್ಮನೂ ಅವನ ಹೆಂಡತಿಯೂ ಆಗಲೇ ಎದ್ದು ಹೊರಗೆ ಹೋಗಿದ್ದರು.